ನಿಮ್ಮ ವ್ಯಾಪಾರಕ್ಕೆ ಸ್ವಂತ ಆ್ಯಪ್ ಬೇಕೆ?

ಮೈಸೂರು ರಸ್ತೆಯ ಜ್ಞಾನಭಾರತಿ ಮೆಟ್ರೊ ನಿಲ್ದಾಣದಲ್ಲಿ ಇಳಿದು, ವಿಶ್ವವಿದ್ಯಾಲಯದ ಆವರಣವನ್ನು ಹಾದು, ಆಚೆಗೆ ಮಲ್ಲತ್ತಹಳ್ಳಿಯ ಕಡೆಗೋ ನಾಗರಭಾವಿಯ ಕಡೆಗೋ ಹೊರಬಿದ್ದರೆ ರಸ್ತೆಯ ಎರಡೂ ಬದಿಗೆ ಸಣ್ಣ ಸಣ್ಣ ವ್ಯಾಪಾರಗಳು ಕಾಣುತ್ತವೆ. ಜೆರಾಕ್ಸ್ ಮತ್ತು ಬೈಂಡಿಂಗ್ ಅಂಗಡಿ, ದರ್ಶಿನಿ, ವಿದ್ಯಾರ್ಥಿಗಳ ಮೆಸ್ಸು, ಬೇಕರಿ, ಹಿಟ್ಟಿನ ಗಿರಣಿ, ಬಟ್ಟೆ ಹೊಲಿಯುವವರು, ಟ್ಯೂಷನ್ ಕೊಠಡಿ, ಸ್ಕೂಟರ್ ರಿಪೇರಿ. ಇಂಥ ಅಂಗಡಿಗಳಿಗೆ ಈಚಿನ ವರ್ಷಗಳಲ್ಲಿ ಒಂದು ಹೊಸ ಬಗೆಯ ಭೇಟಿ ಆರಂಭವಾಗಿದೆ. ಬೆನ್ನಿಗೆ ಚೀಲ ಹಾಕಿಕೊಂಡ ತರುಣರೊಬ್ಬರು ಬರುತ್ತಾರೆ. “ಸಾರ್, ನಿಮ್ಮ ಅಂಗಡಿ ಹೆಸರಲ್ಲೇ ಒಂದು ಆ್ಯಪ್ ಮಾಡಿಕೊಡ್ತೀವಿ. ಈಗ ಎಲ್ಲರ ಹತ್ತಿರಾನೂ ಇದೆ, ನಿಮ್ಮದೊಂದೇ ಇಲ್ಲ” ಎನ್ನುತ್ತಾರೆ. ತಮ್ಮ ಫೋನನ್ನು ತೆಗೆದು, ಬಣ್ಣಬಣ್ಣದ ಒಂದು ನಮೂನೆಯನ್ನೂ ತೋರಿಸುತ್ತಾರೆ. ಅದರ ಮೇಲೆ ತಮ್ಮ ಅಂಗಡಿಯ ಹೆಸರನ್ನು ಕಲ್ಪಿಸಿಕೊಂಡಾಗ ಯಾರಿಗಾದರೂ ಮನಸ್ಸು ಅರಳುತ್ತದೆ. ಅಂಗಡಿಯ ಯಜಮಾನರು ಗಲ್ಲಾಪೆಟ್ಟಿಗೆಯನ್ನೂ, ಮುಂದಿನ ತಿಂಗಳು ಕೈಗೆ ಬರಲಿರುವ ಚೀಟಿ ಹಣವನ್ನೂ ಲೆಕ್ಕ ಹಾಕತೊಡಗುತ್ತಾರೆ.

ಆ ತರುಣರು ಮೋಸಗಾರರೆಂದು ನಾನು ಹೇಳುತ್ತಿಲ್ಲ. ಅವರು ಮಾರುವ ಸರಕು ನಿಜವಾದದ್ದೇ. ಅದು ತಮಗೆ ಬೇಕೆ ಎಂಬುದನ್ನು ಮಾತ್ರ ಕೊಳ್ಳುವವರೇ ತೀರ್ಮಾನಿಸಬೇಕು. ಚೀಟಿ ಹಣವೆಂದರೆ ಮಗಳ ಕಾಲೇಜು ಶುಲ್ಕವಾಗಬಹುದು, ಹೊಸ ಗ್ರೈಂಡರ್ ಆಗಬಹುದು, ಅಂಗಡಿಯ ಮುಂಗಡವಾಗಬಹುದು. ಹಾಗಾಗಿ ಇಂದು ಈ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು, ಆ್ಯಪ್ ಎಂದರೇನು? ಫೋನಿನೊಳಗೆ ಇಳಿಸಿಕೊಂಡು ಅಲ್ಲೇ ಇರಿಸಿಕೊಳ್ಳುವ ಒಂದು ತಂತ್ರಾಂಶ. ವೆಬ್‌ಸೈಟನ್ನು ನೋಡಲು ಏನನ್ನೂ ಇಳಿಸಿಕೊಳ್ಳಬೇಕಿಲ್ಲ. ವಿಳಾಸ ಒತ್ತಿದರೆ ತೆರೆಯುತ್ತದೆ, ಮುಚ್ಚಿದರೆ ಹೋಯಿತು. ಆ್ಯಪ್ ಹಾಗಲ್ಲ. ಅದು ಗಿರಾಕಿಯ ಫೋನಿನಲ್ಲಿ ಜಾಗ ಕೇಳುತ್ತದೆ, ಅನುಮತಿಗಳನ್ನು ಕೇಳುತ್ತದೆ, ಆಗಾಗ ಹೊಸ ಆವೃತ್ತಿಯನ್ನು ಇಳಿಸಿಕೊಳ್ಳುವಂತೆ ಕೇಳುತ್ತದೆ. ಬದಲಿಗೆ ವೆಬ್‌ಸೈಟು ಅಷ್ಟು ಸಲೀಸಾಗಿ ಮಾಡಲಾರದ ಕೆಲವು ಕೆಲಸಗಳನ್ನು ಮಾಡಿಕೊಡುತ್ತದೆ. ಗಿರಾಕಿ ಚಲಿಸುತ್ತಿರುವ ದಾರಿಯನ್ನು ಹಿಂಬಾಲಿಸಬಲ್ಲದು, ಸಂಪರ್ಕ ಇಲ್ಲದ ಕಡೆಯೂ ಕೆಲಸ ಮಾಡಬಲ್ಲದು, ಪರದೆ ಆರಿರುವಾಗಲೂ ಸೂಚನೆ ಕಳಿಸಬಲ್ಲದು.

ಅಂದಮೇಲೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ನಮ್ಮ ಗಿರಾಕಿ ತನ್ನ ಫೋನಿನಲ್ಲಿ ನಮಗೊಂದು ಶಾಶ್ವತ ಜಾಗ ಕೊಡುವಷ್ಟು ಸಲ ನಮ್ಮ ಬಳಿಗೆ ಬರುತ್ತಾನೆಯೆ? ಬಂದಾಗ, ಆ್ಯಪ್ ಇಲ್ಲದೆ ಆಗದಂಥ ಕೆಲಸವೇನಾದರೂ ಅವನಿಗೆ ಇದೆಯೆ? ಈ ಎರಡಕ್ಕೂ ‘ಹೌದು’ ಎಂಬ ಉತ್ತರ ಬಂದರೆ ಮುಂದೆ ಯೋಚಿಸಬಹುದು. ಒಂದಕ್ಕೆ ಮಾತ್ರ ಬಂದರೆ ಸಾಲದು.

ಬೈಂಡಿಂಗ್ ಅಂಗಡಿಯನ್ನೇ ತೆಗೆದುಕೊಳ್ಳಿ. ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಬಂಧವನ್ನು ಮುದ್ರಿಸಿ, ರಟ್ಟು ಹಾಕಿಸಿ, ಚಿನ್ನದ ಬಣ್ಣದ ಅಕ್ಷರ ಒತ್ತಿಸಿಕೊಂಡು ಹೋಗುತ್ತಾಳೆ. ಅದನ್ನು ಅವಳು ಮಾಡಿಸುವುದು ಒಮ್ಮೆ. ಆಮೇಲೆ ಊರಿಗೆ ಹೋಗುತ್ತಾಳೆ, ಕೆಲಸ ಹಿಡಿಯುತ್ತಾಳೆ. ಆ ಒಂದು ಸಲಕ್ಕಾಗಿ ಅವಳು ಆ್ಯಪ್ ಇಳಿಸಿಕೊಳ್ಳುವಳೆ? ಕಡತವನ್ನು ವಾಟ್ಸಾಪಿನಲ್ಲಿ ಕಳಿಸಿ, ಯುಪಿಐ ಮೂಲಕ ಹಣ ಕೊಟ್ಟು, ಸಂಜೆ ಬಂದು ಪ್ರತಿ ತೆಗೆದುಕೊಂಡು ಹೋಗುವುದು ಅವಳಿಗೂ ಸುಲಭ, ಅಂಗಡಿಯವರಿಗೂ ಸುಲಭ. ಇನ್ನು ಮೆಸ್ಸಿನ ಹುಡುಗ ದಿನಕ್ಕೆ ಎರಡು ಸಲ ಬರುತ್ತಾನೆ, ನಿಜ. ಆದರೆ ಅವನು ತಟ್ಟೆ ಹಿಡಿದು ಎದುರಿಗೇ ನಿಂತಿರುತ್ತಾನೆ! ಅವನಿಗೆ ಆ್ಯಪಿನಿಂದ ಆಗಬೇಕಾದ್ದೇನು? ಮೊದಲನೆಯವಳು ಪದೇ ಪದೇ ಬರುವುದಿಲ್ಲ, ಎರಡನೆಯವನಿಗೆ ಆ್ಯಪಿನ ಕೆಲಸವಿಲ್ಲ.

ಇದಕ್ಕೆ ದೊಡ್ಡ ಪ್ರಮಾಣದ ಉದಾಹರಣೆಯೊಂದು ನಮ್ಮ ಮೆಟ್ರೊ ನಿಲ್ದಾಣದಲ್ಲೇ ಇದೆ. ಮೈಸೂರು ರಸ್ತೆಯಿಂದ ಕೆಂಗೇರಿವರೆಗಿನ ನೇರಳೆ ಮಾರ್ಗದಲ್ಲಿ ಪ್ರಯಾಣಿಕರ ಸಂಚಾರ ಆರಂಭವಾದದ್ದು 2021ರ ಆಗಸ್ಟ್ 30ರಂದು. ಜ್ಞಾನಭಾರತಿ ನಿಲ್ದಾಣವೂ ಅಂದೇ ತೆರೆಯಿತು. ಅದಾಗಿ 14 ತಿಂಗಳಿಗೆ, 2022ರ ನವೆಂಬರ್ 1ರಂದು, ಬೆಂಗಳೂರು ಮೆಟ್ರೊ ರೈಲು ನಿಗಮ ಕ್ಯೂಆರ್ ಟಿಕೆಟ್ ವ್ಯವಸ್ಥೆಯನ್ನು ಜಾರಿಗೆ ತಂದಿತು. ನಿಗಮಕ್ಕೆ ತನ್ನದೇ ಆದ ‘ನಮ್ಮ ಮೆಟ್ರೊ’ ಆ್ಯಪ್ ಇದೆ. ಆದರೂ ಅದಷ್ಟನ್ನೇ ನೆಚ್ಚಿ ಕೂರದೆ, ಅದೇ ದಿನ ವಾಟ್ಸಾಪಿನಲ್ಲಿಯೂ ಟಿಕೆಟ್ ಕೊಡಲು ಆರಂಭಿಸಿತು. ಪ್ರಯಾಣಿಕ ಒಂದು ಸಂಖ್ಯೆಗೆ ನಮಸ್ಕಾರ ಹೇಳಿದರೆ ಸಾಕು. ಭಾಷೆಯನ್ನೂ ನಿಲ್ದಾಣವನ್ನೂ ಆರಿಸಿ, ಹಣ ಕೊಟ್ಟರೆ ಟಿಕೆಟ್ಟಿನ ಚಿತ್ರ ಫೋನಿಗೆ ಬರುತ್ತದೆ. ಅದನ್ನು ಗೇಟಿನ ಮುಂದೆ ಹಿಡಿದರೆ ದಾರಿ ಬಿಡುತ್ತದೆ. ಪ್ಲಾಸ್ಟಿಕ್ ಟೋಕನ್ನಿಗಾಗಿ ಸಾಲಿನಲ್ಲಿ ನಿಲ್ಲುವುದು ತಪ್ಪಿತು. ಆಗ ಕ್ಯೂಆರ್ ಟಿಕೆಟ್ಟಿಗೆ ಶೇಕಡಾ 5ರ ರಿಯಾಯಿತಿಯನ್ನೂ ಕೊಡಲಾಯಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಮೆಟ್ರೊ ನಿಗಮಕ್ಕೆ ಹಣದ ಕೊರತೆಯಿಂದಲೋ ತಂತ್ರಜ್ಞರ ಕೊರತೆಯಿಂದಲೋ ಈ ದಾರಿ ಹಿಡಿಯಬೇಕಾಗಿ ಬರಲಿಲ್ಲ. ದಿನವೂ ಓಡಾಡುವವರಿಗೆ ಆ್ಯಪ್ ಸರಿ, ಸ್ಮಾರ್ಟ್ ಕಾರ್ಡೂ ಸರಿ. ಆದರೆ ತುಮಕೂರಿನಿಂದಲೋ ಮಂಡ್ಯದಿಂದಲೋ ಒಂದು ದಿನದ ಕೆಲಸಕ್ಕೆ ವಿಶ್ವವಿದ್ಯಾಲಯಕ್ಕೆ ಬಂದ ತಂದೆ, ಒಂದು ಪ್ರಯಾಣಕ್ಕಾಗಿ ಹೊಸದೊಂದು ಆ್ಯಪ್ ಇಳಿಸಿಕೊಂಡು, ಹೆಸರು ನೋಂದಾಯಿಸಿ, ಪಾಸ್‌ವರ್ಡ್ ಕೊಡುತ್ತಾ ನಿಲ್ಲುವುದಿಲ್ಲ. ಅವರ ಫೋನಿನಲ್ಲಿ ಆಗಲೇ ಇರುವ ಬಾಗಿಲನ್ನೇ ನಿಗಮ ಬಳಸಿಕೊಂಡಿತು. ಊರಿಗೇ ರೈಲು ಓಡಿಸುವ ಸಂಸ್ಥೆಯೇ ಹೀಗೆ ಮಾಡಿರುವಾಗ, ಬೇಕರಿಯವರು ಅಂಗಡಿಗೆ ಆ್ಯಪ್ ಇಲ್ಲವೆಂದು ಸಂಕೋಚಪಡಬೇಕಾಗಿಲ್ಲ.

ಈಗ ಹೋಟೆಲಿನವರ ವಿಚಾರಕ್ಕೆ ಬರೋಣ. ಅವರ ವಾದದಲ್ಲಿ ಹುರುಳಿದೆ. ಮನೆಗೆ ಊಟ ತಲುಪಿಸುವ ದೊಡ್ಡ ಆ್ಯಪ್‌ಗಳು ಪ್ರತಿ ಬಿಲ್ಲಿನಲ್ಲೂ ಕಮಿಷನ್ ಹಿಡಿಯುತ್ತವೆ. “ಅದೇ ಹಣದಲ್ಲಿ ನಮ್ಮದೇ ಆ್ಯಪ್ ಮಾಡಿಕೊಂಡರೆ ಆಗದೇ?” ಎಂದು ಕೇಳುತ್ತಾರೆ. ಇದನ್ನು ಕಾಗದದ ಮೇಲೆ ಬರೆದು ನೋಡೋಣ. ಇಲ್ಲಿ ನಾನು ಹೇಳುವ ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ತಮ್ಮ ಅಂಗಡಿಯ ಅಂಕಿಗಳನ್ನು ತಾವೇ ಹಾಕಿಕೊಳ್ಳಬೇಕು.

ಒಂದು ಪಾರ್ಸೆಲ್ ಬಿಲ್ಲು 250 ರೂಪಾಯಿ ಎಂದಿರಲಿ. ಕಮಿಷನ್ ನೂರಕ್ಕೆ 25ರಂತೆ 62 ರೂಪಾಯಿ 50 ಪೈಸೆ. ಸ್ವಂತ ಆ್ಯಪಿನಲ್ಲಿ ಆರ್ಡರ್ ಬಂದರೆ ಇದು ಉಳಿಯುತ್ತದೆ. ಆದರೆ ಪಾರ್ಸೆಲನ್ನು ಮನೆಗೆ ಮುಟ್ಟಿಸುವವರು ಯಾರು? ಹುಡುಗನ ಸಂಬಳ, ಪೆಟ್ರೋಲು ಸೇರಿ ಒಂದು ಸಲಕ್ಕೆ 40 ರೂಪಾಯಿ ಹಿಡಿಯಿರಿ. ಉಳಿತಾಯ 22 ರೂಪಾಯಿ 50 ಪೈಸೆಗೆ ಇಳಿಯಿತು. ಆ್ಯಪ್ ಕಟ್ಟಿಸಲು 2 ಲಕ್ಷ, ವರ್ಷದ ನಿರ್ವಹಣೆಗೆ 60 ಸಾವಿರ ಎಂದಿಟ್ಟುಕೊಳ್ಳಿ. ಮೊದಲ ವರ್ಷ ಹಾಕಿದ ಹಣ ಹೊರಡಲು ಸುಮಾರು 11,556 ಆರ್ಡರ್ ಬೇಕು. ಅಂದರೆ ಒಂದು ದಿನವೂ ಬಾಗಿಲು ಹಾಕದೆ, ದಿನಕ್ಕೆ ಸುಮಾರು 32. ಕಟ್ಟಿಸಿದ ಖರ್ಚನ್ನು ಮರೆತುಬಿಟ್ಟರೂ, ಬರೀ ನಿರ್ವಹಣೆಯ ಹಣಕ್ಕೆ ದಿನಕ್ಕೆ ಏಳಕ್ಕಿಂತ ಹೆಚ್ಚು ಆರ್ಡರ್ ಬರಬೇಕು. ಅದೂ ದೊಡ್ಡ ಆ್ಯಪನ್ನು ಬಿಟ್ಟು ತಮ್ಮ ಆ್ಯಪಿಗೇ ಬಂದವರಾಗಿರಬೇಕು.

ಬರುವವರು ಇರಬಹುದು, ನಾನು ಇಲ್ಲವೆನ್ನುವುದಿಲ್ಲ. ಆದರೆ ಈ ಲೆಕ್ಕದಲ್ಲಿ ಅಡಗಿರುವ ಇನ್ನೊಂದು ಅಂಶವನ್ನು ನೋಡಿ. ಆ 62 ರೂಪಾಯಿಯನ್ನು ಉಳಿಸಿದ್ದು ಯಾವುದು? ಗಿರಾಕಿ ನಡುವೆ ಯಾರನ್ನೂ ಇಟ್ಟುಕೊಳ್ಳದೆ ನೇರವಾಗಿ ನಿಮ್ಮನ್ನೇ ಕೇಳಿದ್ದು. ಅವರು ಫೋನ್ ಮಾಡಿ “ಅಣ್ಣ, ಎರಡು ಮಸಾಲೆ ದೋಸೆ, ಒಂದು ಖಾಲಿ” ಎಂದು ಹೇಳಿದರೂ ಅಷ್ಟೇ ಉಳಿಯುತ್ತದೆ. ವಾಟ್ಸಾಪಿನಲ್ಲಿ ಬರೆದರೂ ಅಷ್ಟೇ. ಸುತ್ತಮುತ್ತಲಿನ ನಾಲ್ಕು ರಸ್ತೆಗಳಿಂದ ಬರುವ ಆರ್ಡರಿಗೆ, ಪಾರ್ಸೆಲ್ ಚೀಲದ ಮೇಲೆ ದಪ್ಪ ಅಕ್ಷರದಲ್ಲಿ ಮುದ್ರಿಸಿದ ಒಂದು ಫೋನ್ ಸಂಖ್ಯೆ ಮಾಡುವಷ್ಟು ಕೆಲಸವನ್ನು 2 ಲಕ್ಷದ ಆ್ಯಪ್ ಮಾಡುತ್ತದೆಯೇ ಎಂಬುದು ನನಗೆ ಅನುಮಾನ. ದೂರದ ಬಡಾವಣೆಯ ಹೊಸ ಗಿರಾಕಿಗೆ ನಿಮ್ಮ ಹೆಸರೇ ಗೊತ್ತಿಲ್ಲ. ಅವನು ದೊಡ್ಡ ಆ್ಯಪಿನಲ್ಲೇ ಹುಡುಕುತ್ತಾನೆ. ಅಲ್ಲಿ ಕೊಡುವ ಕಮಿಷನನ್ನು ಜಾಹೀರಾತಿನ ಖರ್ಚೆಂದು ಬರೆದುಕೊಂಡರೆ ಲೆಕ್ಕ ಹೆಚ್ಚು ಸರಿಯಾಗುತ್ತದೆ.

ದೊಡ್ಡ ವ್ಯಾಪಾರಸ್ಥರೂ ಈ ವಿಷಯದಲ್ಲಿ ಹೆಜ್ಜೆ ಹಿಂದಿಟ್ಟದ್ದುಂಟು. ಉಡುಪು ಮಾರುವ ಮಿಂತ್ರ ಸಂಸ್ಥೆ 2007ರಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. 2014ರಲ್ಲಿ ಅದನ್ನು ಫ್ಲಿಪ್‌ಕಾರ್ಟ್ ಕೊಂಡಿತು. 2015ರ ಮೇ ತಿಂಗಳಲ್ಲಿ ಮಿಂತ್ರ ತನ್ನ ವೆಬ್‌ಸೈಟನ್ನು ಮುಚ್ಚಿ, ಇನ್ನು ಮುಂದೆ ಆ್ಯಪಿನಲ್ಲಿ ಮಾತ್ರ ಮಾರಾಟವೆಂದು ಘೋಷಿಸಿತು. ಬಹುಪಾಲು ಗಿರಾಕಿಗಳು ಹೇಗೂ ಮೊಬೈಲಿನಿಂದಲೇ ಬರುತ್ತಿದ್ದಾರೆ ಎಂಬುದು ಅದರ ಸಮರ್ಥನೆ. ಸುಮಾರು ಒಂದು ವರ್ಷ ಕಳೆಯಿತು. 2016ರ ಜೂನ್ 1ರಂದು ಗಣಕದಲ್ಲಿ ನೋಡುವ ವೆಬ್‌ಸೈಟು ಮತ್ತೆ ತೆರೆಯಿತು. ದೊಡ್ಡ ಪರದೆಯ ಮೇಲೆ ನಿಧಾನವಾಗಿ ನೋಡಿ ಕೊಳ್ಳುವವರಿಗೆ ಒಂದು ವರ್ಷ ಬಾಗಿಲು ಹಾಕಿದಂತಾಗಿತ್ತು. ಫ್ಲಿಪ್‌ಕಾರ್ಟ್ ಕೂಡ 2015ರ ನವೆಂಬರಿನಲ್ಲಿ ‘ಫ್ಲಿಪ್‌ಕಾರ್ಟ್ ಲೈಟ್’ ಎಂಬ ಹಗುರವಾದ ಮೊಬೈಲ್ ತಾಣವನ್ನು ತಂದಿತು. ಅದು ವೆಬ್‌ಸೈಟೇ, ಆದರೆ ನಡೆಯುವುದು ಆ್ಯಪಿನಂತೆ. ಬೇಕಾದವರು ಅದರ ಚಿಹ್ನೆಯನ್ನು ಫೋನಿನ ಮುಖಪುಟದಲ್ಲಿ ಇರಿಸಿಕೊಳ್ಳಬಹುದಿತ್ತು. ಈ ಬಗೆಯ ವೆಬ್‌ಸೈಟನ್ನು ಇಂದು ಸಾಮಾನ್ಯ ತಂತ್ರಜ್ಞರೂ ಮಾಡಿಕೊಡುತ್ತಾರೆ. ಆ್ಯಪ್ ಮಾರಲು ಬಂದವರಿಗೆ “ಇದನ್ನೇ ವೆಬ್‌ಸೈಟಾಗಿ ಮಾಡಿಕೊಟ್ಟರೆ ಎಷ್ಟಾಗುತ್ತದೆ?” ಎಂದು ಕೇಳಿ ನೋಡಿ. ಉತ್ತರ ಕೇಳುವಂತಿರುತ್ತದೆ.

ಹಾಗಾದರೆ ಆ್ಯಪ್ ಇಲ್ಲದೆ ನಡೆಯದ ವ್ಯವಹಾರ ಯಾವುದು? ಆಟೋ ಉದ್ಯಮವನ್ನು ನೋಡಿ. ಗಿರಾಕಿ ಒಂದು ಬೀದಿಯಲ್ಲಿ, ಆಟೋ ಇನ್ನೊಂದು ಬೀದಿಯಲ್ಲಿ. ಇಬ್ಬರೂ ಚಲಿಸುತ್ತಿರುತ್ತಾರೆ. ಇವರನ್ನು ಕೂಡಿಸುವುದು ಆ್ಯಪಿಗೆ ತಕ್ಕ ಕೆಲಸ. 2022ರಲ್ಲಿ ಬೆಂಗಳೂರಿನ ಸರ್ಕಾರಿ ಕನಿಷ್ಠ ಆಟೋ ದರ ಮೊದಲ 2 ಕಿಲೋಮೀಟರಿಗೆ 30 ರೂಪಾಯಿ ಇತ್ತು. ಖಾಸಗಿ ಆ್ಯಪ್‌ಗಳು 100 ರೂಪಾಯಿಯವರೆಗೂ ಕೇಳುತ್ತಿವೆ ಎಂಬ ದೂರಿನ ಮೇಲೆ ಆ ವರ್ಷದ ಅಕ್ಟೋಬರಿನಲ್ಲಿ ಸಾರಿಗೆ ಇಲಾಖೆ ಕ್ರಮಕ್ಕೆ ಮುಂದಾಯಿತು. ಚಾಲಕರಿಗೂ ಕಮಿಷನ್ನಿನ ನೋವಿತ್ತು. ಮರು ತಿಂಗಳೇ ಆಟೋ ರಿಕ್ಷಾ ಡ್ರೈವರ್ಸ್ ಯೂನಿಯನ್ ಮತ್ತು ಬೆಂಗಳೂರಿನ ಜಸ್‌ಪೇ ಸಂಸ್ಥೆ ಸೇರಿ ‘ನಮ್ಮ ಯಾತ್ರಿ’ ಆ್ಯಪನ್ನು ತಂದವು. ಅದರಲ್ಲಿ ಪ್ರತಿ ಬಾಡಿಗೆಗೆ ಕಮಿಷನ್ ಹಿಡಿಯುವುದಿಲ್ಲ. ಮೊದಲು ಉಚಿತವಾಗಿತ್ತು. 2023ರಲ್ಲಿ ದಿನಕ್ಕೆ 25 ರೂಪಾಯಿಯಂತೆ ಚಂದಾ ಪದ್ಧತಿ ಬಂದಿತು. ಹತ್ತು ಬಾಡಿಗೆ ಮಾಡಿದರೂ, ಹದಿನೈದು ಮಾಡಿದರೂ ಆ ಚಂದಾ ಅಷ್ಟೇ.

ಇಲ್ಲಿ ಒಬ್ಬೊಬ್ಬ ಚಾಲಕರೂ ತಮ್ಮದೇ ಆ್ಯಪ್ ಮಾಡಿಸಲಿಲ್ಲ. ಮಾಡಿಸಿದ್ದರೆ ಅದನ್ನು ಇಳಿಸಿಕೊಳ್ಳುವವರೂ ಇರುತ್ತಿರಲಿಲ್ಲ. ಸಾವಿರಾರು ಮಂದಿಗೆ ಒಂದೇ ಆ್ಯಪ್ ಇದ್ದುದರಿಂದ ಗಿರಾಕಿಗೆ ಅದರ ಅಗತ್ಯ ಕಂಡಿತು. ಒಂದು ಬಡಾವಣೆಯ ಹೋಟೆಲಿನವರು, ಹಣ್ಣು ತರಕಾರಿಯವರು ಒಟ್ಟುಗೂಡಿ ಯೋಚಿಸಲು ಈ ಮಾದರಿ ಯೋಗ್ಯವಾದದ್ದು. ನಮ್ಮಲ್ಲಿ ವರ್ತಕರ ಸಂಘಗಳು ರಾಜ್ಯೋತ್ಸವವನ್ನು ಸೊಗಸಾಗಿ ಮಾಡುತ್ತವೆ. ಇಂಥ ಕೆಲಸಕ್ಕೆ ಯಾಕೋ ಸೇರುವುದು ಕಡಿಮೆ.

ಆ್ಯಪಿಗೆ ತಕ್ಕವರು ನಮ್ಮ ಸುತ್ತಲೂ ಕೆಲವರಿದ್ದಾರೆ. ದಿನವೂ ಮನೆ ಮನೆಗೆ ಹಾಲು, ಕುಡಿಯುವ ನೀರಿನ ಕ್ಯಾನು ಹಾಕುವವರಿಗೆ ನೂರಾರು ಕಾಯಂ ಮನೆಗಳಿದ್ದು, ‘ನಾಳೆ ಬೇಡ, ನಾಡಿದ್ದು ಎರಡು’ ಎಂಬ ಬದಲಾವಣೆ ದಿನಾ ಬರುತ್ತಿದ್ದರೆ ಉಪಯೋಗವಾದೀತು. ಶಾಲಾ ವಾಹನ ಎಲ್ಲಿದೆಯೆಂದು ತಂದೆತಾಯಿಗೆ ತೋರಿಸಬೇಕಾದವರಿಗೂ ಆದೀತು. ಇನ್ನೊಂದು ವರ್ಗವನ್ನು ಆ್ಯಪ್ ಮಾರುವವರು ಅಷ್ಟಾಗಿ ನೆನೆಯುವುದಿಲ್ಲ. ಅದು ತಮ್ಮ ಕೆಲಸಗಾರರಿಗಾಗಿಯೇ ಆ್ಯಪ್ ಬೇಕಾದವರು. ರಾಜಾಜಿನಗರದಲ್ಲಿ ಕಚೇರಿ ಇಟ್ಟುಕೊಂಡು, ಊರಿನ ಉದ್ದಗಲಕ್ಕೂ ಲಿಫ್ಟು, ನೀರು ಶುದ್ಧೀಕರಣ ಯಂತ್ರ ದುರಸ್ತಿಗೆ ಹದಿನೈದು ಹುಡುಗರನ್ನು ಕಳಿಸುವವರನ್ನು ಊಹಿಸಿಕೊಳ್ಳಿ. ಯಾರು ಎಲ್ಲಿಗೆ ಹೋದರು, ಯಾವ ಬಿಡಿಭಾಗ ಹಾಕಿದರು, ನೆಲಮಾಳಿಗೆಯಲ್ಲಿ ಸಿಗ್ನಲ್ ಇಲ್ಲದಾಗ ಬರೆದುಕೊಂಡದ್ದು ಮೇಲೆ ಬಂದಮೇಲೆ ಕಚೇರಿಗೆ ತಲುಪಿತೆ? ಇಲ್ಲಿ ಆ್ಯಪ್ ದಿನಕ್ಕೆ ಹತ್ತು ಸಲ ತೆರೆಯುತ್ತದೆ. ಇಳಿಸಿಕೊಳ್ಳಿರೆಂದು ಯಾರನ್ನೂ ಬೇಡಬೇಕಿಲ್ಲ. ಆದರೂ ಇಂಥದ್ದಕ್ಕೆ ಸಿದ್ಧ ಆ್ಯಪ್‌ಗಳು ತಿಂಗಳ ಬಾಡಿಗೆಗೆ ಸಿಗುತ್ತವೆ. ಹೊಸದಾಗಿ ಕಟ್ಟಿಸುವ ಮುನ್ನ ಅವನ್ನು ನೋಡುವುದು ಒಳ್ಳೆಯದು.

ಇನ್ನೂ ಮನಸ್ಸು ತೂಗಾಡುತ್ತಿದ್ದರೆ ಮೂರು ತಿಂಗಳ ಒಂದು ಪರೀಕ್ಷೆ ಮಾಡಿ. ವಾಟ್ಸಾಪ್ ಬಿಸಿನೆಸ್ ಎಂಬ ಉಚಿತ ಆ್ಯಪ್ 2018ರಿಂದ ಇದೆ. ಸರಕಿನ ಪಟ್ಟಿ, ಬೆಲೆ, ಸಿದ್ಧ ಉತ್ತರಗಳನ್ನು ಅದರಲ್ಲಿ ಇಡಬಹುದು. ಗೂಗಲ್ ನಕ್ಷೆಯಲ್ಲಿ ಅಂಗಡಿಯ ಹೆಸರು, ತೆರೆಯುವ ಸಮಯ, ವಾರದ ರಜೆ ಇವನ್ನು ಹಾಕಿಡಿ. ಅದಕ್ಕೂ ದುಡ್ಡಿಲ್ಲ. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ದಿನವೂ ಬರೆಯಿರಿ: ಇಂದು ಆರ್ಡರ್ ಕೊಟ್ಟವರಲ್ಲಿ ಎಷ್ಟು ಮಂದಿ ಹಿಂದೆಯೂ ಕೊಟ್ಟಿದ್ದರು? ಯಾವ ಕೆಲಸ ವಾಟ್ಸಾಪಿನಲ್ಲಿ ಆಗದೆ ಗಿರಾಕಿ ತಪ್ಪಿಹೋದ? ಈ ಎರಡನೆಯ ಪಟ್ಟಿ ಬೆಳೆಯುತ್ತಾ ಹೋದರೆ, ಆ್ಯಪ್ ಏನು ಮಾಡಬೇಕೆಂಬ ಪಟ್ಟಿಯೂ ತಾನಾಗಿಯೇ ಸಿದ್ಧವಾದಂತೆ. ಖಾಲಿಯಾಗಿಯೇ ಉಳಿದರೆ ಚೀಟಿ ಹಣ ಉಳಿಯಿತು. ಒಂದು ಎಚ್ಚರಿಕೆಯನ್ನೂ ಹೇಳಬೇಕು. ವಾಟ್ಸಾಪ್ ಪರರ ಮನೆ. ಅವರು ನಿಯಮ ಬದಲಿಸಬಹುದು, ಖಾತೆಯನ್ನು ತಡೆಯಲೂಬಹುದು. ಕಾಯಂ ಗಿರಾಕಿಗಳ ಹೆಸರು ಮತ್ತು ಸಂಖ್ಯೆಗಳನ್ನು ಬೇರೆ ಪುಸ್ತಕದಲ್ಲಿಯೂ ಬರೆದಿಟ್ಟುಕೊಳ್ಳಿ.

ಪರೀಕ್ಷೆಯ ಬಳಿಕ ಆ್ಯಪ್ ಬೇಕೇ ಬೇಕೆಂದು ತೀರ್ಮಾನಿಸಿದವರಿಗೆ ಕೆಲವು ಮಾತು. ಗೂಗಲ್ಲಿನ ಆ್ಯಪ್ ಅಂಗಡಿಯಲ್ಲಿ ಖಾತೆ ತೆರೆಯಲು ಒಮ್ಮೆ 25 ಡಾಲರ್, ಆಪಲ್‌ನವರಲ್ಲಿ ಪ್ರತಿ ವರ್ಷ 99 ಡಾಲರ್ ಕೊಡಬೇಕು. ಈ ಖಾತೆಗಳು ನಿಮ್ಮ ಹೆಸರಿನಲ್ಲಿಯೇ ಇರಲಿ. ಮಾಡಿಕೊಡುವವರ ಹೆಸರಿನಲ್ಲಿದ್ದರೆ, ನಾಳೆ ಅವರು ಊರು ಬಿಟ್ಟಾಗ ನಿಮ್ಮ ಆ್ಯಪಿನ ಬೀಗದ ಕೈ ಅವರ ಜೇಬಿನಲ್ಲೇ ಉಳಿಯುತ್ತದೆ. ತಂತ್ರಾಂಶದ ಮೂಲ ಸಂಕೇತ, ಹೊಸ ಆವೃತ್ತಿಗೆ ಸಹಿ ಹಾಕುವ ಡಿಜಿಟಲ್ ಕೀಲಿ ಇವನ್ನು ಕೊನೆಯ ಕಂತು ಕೊಡುವ ಮೊದಲು ಪಡೆದುಕೊಳ್ಳಿ. ಆಂಡ್ರಾಯ್ಡಿನ ಹೊಸ ಹೊಸ ಆವೃತ್ತಿಗೆ ತಕ್ಕಂತೆ ಆ್ಯಪನ್ನು ತಿದ್ದಬೇಕೆಂದು ಗೂಗಲ್ ಪ್ರತಿ ವರ್ಷ ಕೇಳುತ್ತದೆ. ತಿದ್ದದೆ ಬಿಟ್ಟರೆ ಹೊಸ ಫೋನ್ ಕೊಂಡವರಿಗೆ ಅದು ಸಿಗದೇ ಹೋಗಬಹುದು. ಆದ್ದರಿಂದ ಕಟ್ಟಿಸುವ ಬೆಲೆಯ ಜೊತೆಗೆ ಮೂರು ವರ್ಷದ ನಿರ್ವಹಣೆಯ ಬೆಲೆಯನ್ನೂ ಬರವಣಿಗೆಯಲ್ಲೇ ಕೇಳಿ. ಟ್ಯೂಷನ್ ನಡೆಸುವವರು ಇದನ್ನೂ ತಿಳಿದಿರಬೇಕು: ಪಾಠದ ವಿಡಿಯೊದಂಥ ಸರಕನ್ನು ಆ್ಯಪಿನೊಳಗೇ ಮಾರಿದರೆ ಆ್ಯಪ್ ಅಂಗಡಿಯವರು ಪಾಲು ಕೇಳುತ್ತಾರೆ. ಇಡ್ಲಿ, ಬಟ್ಟೆ, ಆಟೋ ಬಾಡಿಗೆಗೆ ಈ ಪಾಲಿಲ್ಲ.

ಗಿರಾಕಿಯ ಹೆಸರು, ಸಂಖ್ಯೆ, ಮನೆಯ ವಿಳಾಸ ನಿಮ್ಮ ಆ್ಯಪಿಗೆ ಬಂದೊಡನೆ ಅವುಗಳ ಹೊಣೆಯೂ ನಿಮ್ಮ ಮೇಲೆ ಬೀಳುತ್ತದೆ. ಇದಕ್ಕಾಗಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಬೇಕಾದಷ್ಟು ಮಾಹಿತಿಯನ್ನು ಮಾತ್ರ ಕೇಳಿ. ದೋಸೆ ಕೇಳಿದವರ ಜನ್ಮದಿನಾಂಕ ನಿಮಗೇಕೆ? ಇನ್ನೊಂದು, ಆ್ಯಪಿನ ಮಾತೆಲ್ಲ ಕನ್ನಡದಲ್ಲಿಯೂ ಇರಲಿ. ಸಿದ್ಧವಾದ ಮೇಲೆ ಅದನ್ನು ಮೊದಲು ಮನೆಯ ಹಿರಿಯರ ಕೈಗೆ ಕೊಟ್ಟು, ಏನೂ ಹೇಳಿಕೊಡದೆ ಒಂದು ಆರ್ಡರ್ ಮಾಡಲು ಹೇಳಿ. ಅವರು ಎಲ್ಲಿ ತಡವರಿಸಿದರೋ ಆ ಜಾಗವನ್ನು ಗುರುತು ಮಾಡಿಕೊಂಡು, ಮಾಡಿಕೊಟ್ಟವರಿಂದ ತಿದ್ದಿಸಿ, ಆಮೇಲೆ ಬಿಡುಗಡೆ ಮಾಡಿ.